ಡೀಸೆಲ್ ತಿಳಿಯಾಗುವ ತನಕ

ಮಲಪ್ರಭೆಯ ದಂಡೆಗೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಇದ್ದದ್ದು ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಡೀಸೆಲ್ ಕಾರು.

ಗುರುಗಳ ಹೆಸರು ಅಡವೆಪ್ಪ. ಆ ಕಡೆ ಗುರುಗಳನ್ನು ಅಜ್ಜ ಎನ್ನುತ್ತಾರೆ. ಶಿಷ್ಯ ಫಕೀರಪ್ಪ, ಊರಲ್ಲಿ ದರ್ಜಿಯಾಗಿದ್ದವ. ನಲವತ್ತು ದಾಟಿದ ಮೇಲೆ ಹೊಲಿಗೆ ಯಂತ್ರ ತಮ್ಮನಿಗೆ ಕೊಟ್ಟು ಬಂದಿದ್ದ.

ಕಾರಿಗೆ ಹೆಸರಿರಲಿಲ್ಲ. ಅದರ ಸಪ್ಪಳ ಕೇಳಿದರೆ ಹೊಳೆಯಾಚೆಯ ಊರಿನವರು, ಅಜ್ಜಾರು ಹೊಂಟರು ಎನ್ನುತ್ತಿದ್ದರು.

ಆ ಕಾರು ಗ್ಯಾರೇಜಿನ ಬಾಗಿಲು ಕಂಡದ್ದಿಲ್ಲ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲ ಬೇವಿನ ಮರದ ಕೆಳಗೆ. ಸೋಮವಾರ ಆಯಿಲ್ ನೋಡುವುದು. ಅಮಾವಾಸ್ಯೆಗೆ ರೇಡಿಯೇಟರ್ ನೀರು ಬದಲಿಸುವುದು. ಸುಗ್ಗಿ ಮುಗಿದ ಮೇಲೆ ಒಮ್ಮೆ ಎಂಜಿನ್ನಿನ ತಲೆ ಬಿಚ್ಚಿ ಮಸಿ ಕೆರೆಯುವುದು.

ಮೊದಲ ವರ್ಷ ಅಜ್ಜ ಫಕೀರಪ್ಪನ ಕೈಗೆ ನಟ್ಟು ಬಿಚ್ಚುವ ಪಾನಾ ಕೊಡಲಿಲ್ಲ. ಮೊಳದುದ್ದದ ಒಂದು ಕಬ್ಬಿಣದ ಸಳಿ ಕೊಟ್ಟರು.

"ಒಂದು ತುದಿ ಎಂಜಿನ್ನಿಗೆ ಹಚ್ಚು. ಇನ್ನೊಂದು ಕಿವಿಗೆ."

"ಹಚ್ಚಿ?"

"ಕೇಳು."

"ಎಷ್ಟು ದಿನಾರಿ?"

"ಕೇಳಸೂತನಕ."

ಎರಡನೆಯ ವರ್ಷ ಒಂದು ಪಾನಾ ಸಿಕ್ಕಿತು. ಏಳನೆಯ ವರ್ಷಕ್ಕೆ ಫಕೀರಪ್ಪ ಕಣ್ಣು ಮುಚ್ಚಿ ಮಸಿ ಕೆರೆಯಬಲ್ಲವನಾಗಿದ್ದ. ತನಗೆ ಎಲ್ಲ ಬಂತು ಎಂದು ಅವನಿಗೆ ಅನಿಸತೊಡಗಿತ್ತು.

ಆ ವರ್ಷವೇ ಒಂದು ಮುಂಜಾನೆ, ಗುಡ್ಡದ ಕಡೆಯಿಂದ ಬಂದ ಬಸ್ಸು ಆಶ್ರಮದ ಮುಂದೆ ನಿಂತಿತು. ಕಂಡಕ್ಟರ್ ಇಳಿದು ಬಂದ.

"ಅಜ್ಜಾರ, ಗುಡ್ಡದ ರಾಚಪ್ಪಜ್ಜಾರು ಅನ್ನ ಬಿಟ್ಟು ಮೂರು ದಿನ ಆತಂತ್ರಿ. ಇವತ್ತು, ನಾಳೆ ಅನ್ನೂ ಹಂಗ ಅದಾರ."

ಅಜ್ಜ ಕಟ್ಟೆಯ ಮೇಲೆ ಕುಳಿತರು.

"ಒಂದು ಮಾತು ಹೇಳಿ ಕಳಿಸ್ಯಾರ್ರಿ. ಕಾರು ತಗೊಂಡು ಬಾ ಅಂತ ಹೇಳು, ಒಮ್ಮೆ ಅದರ ಸಪ್ಪಳ ಕೇಳಬೇಕು, ಅಂದ್ರು. ಕಣ್ಣಂತೂ ಹೋಗಿ ಎರಡು ವರ್ಷ ಆತಲ್ರಿ ಅವರಿಗೆ."

ಬಸ್ಸು ಹೋಯಿತು.

ರಾಚಪ್ಪಜ್ಜ ಯಾರೆಂದು ಫಕೀರಪ್ಪನಿಗೆ ಗೊತ್ತಿತ್ತು. ಅವರೂ ಅಡವೆಪ್ಪಜ್ಜರೂ ಒಬ್ಬನೇ ಗುರುವಿನ ಶಿಷ್ಯರು. ಆ ಗುರು ದೊಡ್ಡಜ್ಜ. ದೊಡ್ಡಜ್ಜ ಹೋಗುವಾಗ, ಮಠದ ಗಾದಿ ಅಡವೆಪ್ಪಗ, ಕಾರು ರಾಚಪ್ಪಗ ಎಂದು ಹೇಳಿ ಹೋಗಿದ್ದರು. ರಾಚಪ್ಪ ಕಾರಿನ ಕೀಲಿಯನ್ನು ಗಾದಿಯ ಮೇಲಿಟ್ಟು, ಮೂವತ್ತು ಮೈಲಿ ನಡೆದುಕೊಂಡೇ ಗುಡ್ಡಕ್ಕೆ ಹೋಗಿಬಿಟ್ಟರು.

ಯಾಕೆ ಬಿಟ್ಟು ಹೋದರು ಎಂದು ಫಕೀರಪ್ಪ ಒಮ್ಮೆ ಕೇಳಿದ್ದ.

"ಗಾದಿ ಎಳಿಯಾಕ ಏನರ ಬೇಕಲ್ಲ ಅಂದ," ಎಂದಿದ್ದರು ಅಜ್ಜ.

ಈಗ ಅಜ್ಜ ಎದ್ದರು.

"ಡೀಸೆಲ್ ಐತೇನು?"

"ಟ್ಯಾಂಕಿನ್ಯಾಗ ತಳಕ್ಕ ಐತ್ರಿ. ಡ್ರಮ್ಮಿನ್ಯಾಗ ಬೇಕಾದಷ್ಟು ಐತಿ."

"ಹಾಕು. ನಾ ಸ್ನಾನ ಮಾಡಿ ಬರ್ತೀನಿ."

ಅಜ್ಜ ಹೊಳೆಗೆ ಇಳಿದರು. ಫಕೀರಪ್ಪ ಡ್ರಮ್ಮಿನ ಮುಚ್ಚಳ ತೆಗೆದ. ಡೀಸೆಲ್ಲಿನ ಮೇಲೆ ಧೂಳು ತೇಲುತ್ತಿತ್ತು.

ಆ ಆಶ್ರಮದಲ್ಲಿ ಸೋಸದೆ ಯಾವುದನ್ನೂ ಬಳಸುತ್ತಿರಲಿಲ್ಲ. ಹೊಳೆಯ ನೀರು ಸೋಸಿ ಕುಡಿಯಬೇಕು. ಹಾಲು ಸೋಸಿ ಕಾಸಬೇಕು. ಬೆಲ್ಲದ ನೀರು, ದೀಪದ ಎಣ್ಣೆ, ಎಲ್ಲವೂ ಬಟ್ಟೆ ದಾಟಿಯೇ ಬರಬೇಕು. ಡೀಸೆಲ್ಲಿಗೆ ಮಾತ್ರ ತಂತಿ ಜಾಳಿಗೆಯ ತಗಡಿನ ಲಾಳಿಕೆ ಬೇರೆ ಇತ್ತು. ಗೋಡೆಗೆ ತೂಗುಬಿಟ್ಟಿತ್ತು.

ಇವತ್ತಿನ ಪಯಣಕ್ಕೆ ಆ ಜಾಳಿಗೆ ಸಾಲದು ಎಂದು ಫಕೀರಪ್ಪನಿಗೆ ಅನಿಸಿತು. ಒಳಗೆ ಹೋಗಿ ಅಜ್ಜನ ಹಳೆಯ ಕಾವಿ ಬಟ್ಟೆ ತಂದ. ಉಟ್ಟು ಉಟ್ಟು ಮೆತ್ತಗಾದ ಬಟ್ಟೆ. ನಾಲ್ಕು ಮಡಿಕೆ ಮಾಡಿ, ಕಣ್ಣಿಗೊತ್ತಿಕೊಂಡು, ಲಾಳಿಕೆಗೆ ಹಾಸಿ, ಡೀಸೆಲ್ ಸೋಸಿ ಟ್ಯಾಂಕು ತುಂಬಿದ.

ಹೊರಟರು. ಸ್ಟಿಯರಿಂಗ್ ಹಿಡಿದವರು ಅಜ್ಜ. ಫಕೀರಪ್ಪ ಪಕ್ಕದಲ್ಲಿ.

ಹದಿನೈದು ಮೈಲಿ ಕಾರು ಚೆನ್ನಾಗಿಯೇ ಓಡಿತು. ಎರಡೂ ಕಡೆ ಎರೆಹೊಲ, ಬಿಳಿಜೋಳದ ತೆನೆ.

"ಕೇಳಿದ್ಯೇನು?" ಎಂದರು ಅಜ್ಜ.

"ಏನ್ರಿ?"

"ಉಸಿರು ಹಿಡ್ಯಾಕತ್ತೈತಿ."

ಫಕೀರಪ್ಪನಿಗೆ ಏನೂ ಕೇಳಿಸಿರಲಿಲ್ಲ. ಇನ್ನರ್ಧ ಮೈಲಿ ಹೋದ ಮೇಲೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕಾರು ಒಂದು ಹಳ್ಳದ ಹತ್ತಿರ ನಿಂತಿತು.

ಅಜ್ಜ ಬಾನೆಟ್ ಎತ್ತಿದರು. ಫಿಲ್ಟರಿನ ಬಟ್ಟಲು ಬಿಚ್ಚಿದರು. ಒಳಗೆ ಕೈ ಹಾಕಿ ಏನೋ ಹೊರತೆಗೆದು ಅಂಗೈ ಮೇಲೆ ಇಟ್ಟು ನೋಡಿದರು.

ನಾರು. ಕಾವಿ ಬಣ್ಣದ ನಾರು, ಮುದ್ದೆ ಮುದ್ದೆ.

"ಸೋಸಿದ್ಯೇನು?"

"ಹೌದ್ರಿ."

"ಯಾರ ಬಟ್ಟಿ?"

"ನಿಮ್ದರಿ."

ಅಜ್ಜ ನಾರನ್ನು ಬೆರಳಲ್ಲಿ ಹಿಂಡಿದರು.

"ದರ್ಜಿ ಆಗಿದ್ದವ ನೀ. ಹಳೇ ಬಟ್ಟಿ ನಾರು ಬಿಡ್ತೈತಿ ಅನ್ನೂದು ಗೊತ್ತಿದ್ದಿಲ್ಲ?"

"ಗೊತ್ತಿತ್ರಿ."

"ಮತ್ತ?"

"ನಿಮ್ಮ ಬಟ್ಟಿ ಬಿಡೂದಿಲ್ಲ ಅನಕೊಂಡೆ."

ಅಜ್ಜ ಅಂಗೈಯ ನಾರು ಕೊಡವಿದರು. ಫಕೀರಪ್ಪ ರಸ್ತೆಯ ಧೂಳಿನಲ್ಲೇ ಅವರ ಕಾಲಿಗೆ ಬಿದ್ದ.

"ತಪ್ಪಾತ್ರಿ ಅಜ್ಜಾರ. ಏನು ಶಿಕ್ಷಾ ಕೊಡ್ತೀರಿ ಕೊಡ್ರಿ."

"ಆಮ್ಯಾಲೆ. ಈಗ ಹದಿನಾಲ್ಕರ ಪಾನಾ ಕೊಡು."

ಟ್ಯಾಂಕಿನ ತುಂಬ ನಾರು. ಕೊಳವೆ ಊದಿದರೆ ಹೋಗುತ್ತದೆ, ಎರಡು ಮೈಲಿಗೆ ಮತ್ತೆ ಬರುತ್ತದೆ. ಫಿಲ್ಟರ್ ತೊಳೆದರೂ ಬಿಡುವಂಥದ್ದಲ್ಲ.

"ಟ್ಯಾಂಕೂ ಬ್ಯಾಡ, ಫಿಲ್ಟರೂ ಬ್ಯಾಡ," ಎಂದರು ಅಜ್ಜ. "ಡಬ್ಬಿಯಿಂದ ನೇರ ಪಂಪಿಗೆ."

"ಹಂಗ ನಡೀತೈತೇನ್ರಿ?"

"ರಾಚ್ಯಾ ನಡಸಿದ್ದ."

"ಬ್ಯಾರೆ ಡೀಸೆಲ್ ಬೇಕಲ್ರಿ?"

"ಬರ್ತೈತಿ."

ಸ್ವಲ್ಪ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದವ ಇಮಾಮಸಾಬ. ಅಜ್ಜನ ಗುರುತಿನವ. ಟ್ರ್ಯಾಕ್ಟರ್ ನಿಲ್ಲಿಸಿ ಕೈ ಮುಗಿದ.

"ಇನ್ನೂ ಇದನ್ನ ಗುಜರಿಗೆ ಹಾಕಿಲ್ಲೇನ್ರಿ ಅಜ್ಜಾರ?"

"ಹೆಂಗ ಹಾಕ್ಲಿ? ನನಗಿಂತ ಸಣ್ಣದೈತಿ."

ಇಮಾಮಸಾಬ ನಕ್ಕ. ಎಲ್ಲಿಗೆ ಹೊರಟದ್ದು ಎಂದು ಕೇಳಿದ. ಫಕೀರಪ್ಪ ಹೇಳಿದ. ಇಮಾಮಸಾಬನ ನಗೆ ನಿಂತಿತು.

"ಮತ್ತ ಇಲ್ಲಿ ಯಾಕ ನಿಂತೀರಿ? ಹತ್ರಿ, ನಾ ಮುಟ್ಟಸ್ತೀನಿ. ಕಾರಿಗೆ ಹಗ್ಗಾ ಕಟ್ಟೂಣು. ಹಿಂದ ಎಳಕೊಂಡು ಹೋಗೂಣು."

ಅಜ್ಜ ತಲೆ ಅಲ್ಲಾಡಿಸಿದರು.

"ಅವ ನೋಡಬೇಕು ಅಂದಿಲ್ಲ ಇಮಾಮಾ. ಕೇಳಬೇಕು ಅಂದಾನ."

ಇಮಾಮಸಾಬ ಕೆಳಗಿಳಿದ. ಟ್ರ್ಯಾಕ್ಟರಿಗೆ ನೇತುಹಾಕಿದ್ದ ಡಬ್ಬಿ ಬಿಚ್ಚಿ ಕೊಟ್ಟ. ಮೂರು ಲೀಟರಿನಷ್ಟು ಡೀಸೆಲ್ ಇತ್ತು. ಒಂದು ರಬ್ಬರ್ ನಳಿಗೆಯನ್ನೂ ಕೊಟ್ಟು, ತಡ ಮಾಡಬ್ಯಾಡ್ರಿ ಎಂದು ಹೇಳಿ ಹೋದ.

ಫಕೀರಪ್ಪ ಡಬ್ಬಿಯೊಳಗೆ ಇಣುಕಿದ. ಡೀಸೆಲ್ ಕೆಂಪಗೆ ಕದಡಿತ್ತು. ಟ್ರ್ಯಾಕ್ಟರಿನ ಜೊತೆ ಹೊಲ ಸುತ್ತಿ ಕುಲುಕಾಡಿದ ಡಬ್ಬಿ. ಅವನ ಕಣ್ಣು ತಾನಾಗಿ ಸುತ್ತ ಬಟ್ಟೆ ಹುಡುಕಿತು.

"ಸೋಸಬ್ಯಾಡ," ಎಂದರು ಅಜ್ಜ.

"ಹಿಂಗ ಹಾಕಿದ್ರ ಪಂಪ್ ಹೋಗ್ತೈತ್ರಿ. ಫಿಲ್ಟರ್ ಸುದ್ದಾ ಇಲ್ಲ."

"ಅಲ್ಲೆ ಕಲ್ಲಿನ ಮ್ಯಾಲೆ ಇಡು."

"ಇಟ್ಟು?"

"ಕುಂದ್ರು. ತಾನ ಕೆಳಗ ಕೂಡ್ತೈತಿ. ಮ್ಯಾಲಿಂದು ತಗೊಳ್ಳೂಣು."

"ಎಷ್ಟೊತ್ತು ಬೇಕಾಗ್ತೈತ್ರಿ?"

"ಒಂದು ತಾಸು."

ಫಕೀರಪ್ಪ ಗುಡ್ಡದ ಕಡೆ ನೋಡಿದ.

"ಅಲ್ಲಿ ರಾಚಪ್ಪಜ್ಜಾರಿಗೆ ಒಂದು ತಾಸು ಐತೋ ಇಲ್ಲೋ."

"ಗೊತ್ತೈತಿ."

"ನೀವು ಇಮಾಮಸಾಬನ ಜೋಡಿ ಹೋಗಬೇಕಾಗಿತ್ರಿ. ಕೈಯರ ಹಿಡಕೊಂಡು ಕೂಡತಿದ್ರಿ. ಕಾರು ನಾ ಹಿಂದಿಂದ ತರ್ತಿದ್ದೆ."

"ನೀ ಒಬ್ಬವ ಗಾಳಿ ತಗದೀಯೇನು?"

ಅದು ಆಗದ ಮಾತು. ಡೀಸೆಲ್ ಎಂಜಿನ್ನಿನ ಕೊಳವೆಯೊಳಗೆ ಗಾಳಿ ಹೊಕ್ಕರೆ ಅದು ಚಾಲೂ ಆಗುವುದಿಲ್ಲ. ಆ ಗಾಳಿ ತೆಗೆಯಲು, ಆ ಕಾರಿನಲ್ಲಿ, ಇಬ್ಬರು ಬೇಕು. ಒಬ್ಬ ಕೈಪಂಪು ಒತ್ತಬೇಕು, ಇನ್ನೊಬ್ಬ ಸ್ಕ್ರೂ ಹಿಡಿದು ಗುಳ್ಳೆ ನೋಡಬೇಕು.

ಫಕೀರಪ್ಪ ಕಾರಿನಲ್ಲಿದ್ದ ನೀರಿನ ಡಬ್ಬಿಯ ನೀರು ಚೆಲ್ಲಿ, ಒಣಗಲೆಂದು ಬಿಸಿಲಿಗೆ ಬೋರಲು ಹಾಕಿದ. ಇಬ್ಬರೂ ಜಾಲಿಯ ನೆರಳಲ್ಲಿ, ಕಲ್ಲಿನ ಹತ್ತಿರ ಕುಳಿತರು. ಕಲ್ಲಿನ ಮೇಲೆ ಡೀಸೆಲ್ ಡಬ್ಬಿ.

ಫಕೀರಪ್ಪ ಐದು ನಿಮಿಷಕ್ಕೊಮ್ಮೆ ಎದ್ದು ಡಬ್ಬಿಯಲ್ಲಿ ಇಣುಕಿದ.

"ಇಣುಕಿದ್ರ ಲಗೂ ಕೂಡೂದಿಲ್ಲ," ಎಂದರು ಅಜ್ಜ.

ಆಮೇಲೆ ಅವರೇ ಮಾತಿಗೆ ತೊಡಗಿದರು. ಏಳು ವರ್ಷದಲ್ಲಿ ಆಡದಷ್ಟು ಮಾತು ಆ ಹೊತ್ತಿನಲ್ಲಿ ಆಡಿದರು.

"ಬೆಣ್ಣಿಹಳ್ಳದ ಹತ್ರ ಹಿಂಗ ನಿಂತಿತ್ತು. ನಲವತ್ತು ವರ್ಷ ಆತು. ಹಿಂದಿನ ಸೀಟಿನ್ಯಾಗ ದೊಡ್ಡಜ್ಜ. ಮುಂದ ನಾವಿಬ್ರೂ. ಮುಂದಿನ ಊರಾಗ ಸಾವಿರ ಮಂದಿ ಪ್ರವಚನಕ್ಕ ಕುಂತಾರ. ಇವಾ ರಾಚ್ಯಾ ಡಬ್ಬಿ ತಂದು ಕಲ್ಲಿನ ಮ್ಯಾಲೆ ಇಟ್ಟು ಕುಂತಬಿಟ್ಟ."

"ನೀವು?"

"ಒದರಾಡಿದೆ. ಬುದ್ಧಿ ಐತಿಲ್ಲೋ ನಿನಗ, ಮಂದಿ ಕಾಯಾಕತ್ತಾರ ಅಂದೆ. ಅವ ಬಕ್ಕಣದಾಗಿಂದ ಶೇಂಗಾ ತಗದ. ತಿನ್ನು ಅಂದ."

"ತಿಂದ್ರೇನ್ರಿ?"

"ನಾ ತಿನ್ನಲಿಲ್ಲ. ಸಿಟ್ಟು ಬಂದಿತ್ತು. ಅಷ್ಟರಾಗ ದೊಡ್ಡಜ್ಜ ಕಾರಿಂದ ಇಳದು ಬಂದ್ರು. ಈಗ ಅವಗ ಸರಿಯಾಗಿ ಬೀಳ್ತೈತಿ ಅನಕೊಂಡೆ. ದೊಡ್ಡಜ್ಜ ಬಂದವರ ಅವನ ಮುಂದ ಕೈ ಒಡ್ಡಿದ್ರು."

"ಯಾಕ್ರಿ?"

"ಶೇಂಗಾಕ್ಕ."

ಫಕೀರಪ್ಪನಿಗೆ ನಗು ಬಂತು. ನಗಬಾರದೆಂದು ತಡೆದುಕೊಂಡ.

"ಆಮ್ಯಾಲೆ ಮೂವರೂ ಕುಂತು ತಿಂದ್ವಿ. ಡೀಸೆಲ್ ತಿಳಿ ಆತು. ಹ್ವಾದ್ವಿ."

"ಮಂದಿ?"

"ಅರ್ಧ ಎದ್ದು ಹೋಗಿದ್ರು. ದೊಡ್ಡಜ್ಜ ಉಳದವರಿಗೆ ಹೇಳಿದ್ರು."

"ಏನು ಹೇಳಿದ್ರು ಅವರು ಅವತ್ತು?"

"ಮರತೇನಿ. ಶೇಂಗಾ ನೆನಪೈತಿ."

ಹಳ್ಳದಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಜೋಳದ ಹೊಲದಲ್ಲಿ ಯಾರೋ ಹಕ್ಕಿ ಓಡಿಸುತ್ತಿದ್ದರು. ಅಜ್ಜ ಕಾಲು ಚಾಚಿದರು.

"ಬೀಡಿ ಸೇದತಿದ್ದ ಕಳ್ಳ."

"ಯಾರ್ರಿ?"

"ರಾಚ್ಯಾ. ಲಾರಿ ಹೊಡಿಯೂದು ಬಿಟ್ಟು ಮಠಕ್ಕ ಬಂದು ಇನ್ನೂ ಮೂರು ತಿಂಗಳು. ಬಾನೆಟ್ ಎತ್ತಿ ಅದರ ಮರಿಗೆ ನಿಂತು ಸೇದಾಂವ. ದೊಡ್ಡಜ್ಜ ಒಳಗಿಂದ ಹೊಗಿ ನೋಡಾವ್ರು. ಏನೋ ರಾಚಪ್ಪಾ, ಎಂಜಿನ್ ಕಾದೈತೇನು ಅನ್ನಾವ್ರು. ಹೌದ್ರಿ ಅಜ್ಜಾರ, ಇನ್ನೊಂದೀಟು ಆರಬೇಕ್ರಿ ಅನ್ನಾಂವ."

"ದೊಡ್ಡಜ್ಜಾರಿಗೆ ಗೊತ್ತಿತ್ತೇನ್ರಿ?"

"ಒಂದು ದಿನ ಅಂದ್ರು. ರಾಚಪ್ಪಾ, ನಮ್ಮ ಎಂಜಿನ್ನು ಆರೂತನಕ ಗಣೇಶ ಬೀಡಿಯ ವಾಸನಿ ಯಾಕ ಬರ್ತೈತೋ, ಅಂತ."

ಅಜ್ಜ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಭುಜ ಕುಣಿಸುತ್ತ ನಕ್ಕರು. ಅಜ್ಜ ನಗುವುದನ್ನು ಫಕೀರಪ್ಪ ಕಂಡದ್ದು ಅದೇ ಮೊದಲು.

"ಬಿಟ್ರೇನ್ರಿ ಬೀಡಿ?"

"ಅವತ್ತ ಬಿಟ್ಟ. ಕಾರಿಗೆ ಕೆಟ್ಟ ಹೆಸರು ಬರ್ತೈತಿ ಅಂದ."

ಜಾಲಿಯ ನೆರಳು ಸರಿಯಿತು. ಫಕೀರಪ್ಪ ಈಗ ಎದ್ದು ಇಣುಕಲಿಲ್ಲ.

"ಚಳಿಗಾಲದಾಗ ಇದು ಲಗೂ ಏಳತಿದ್ದಿಲ್ಲ," ಎಂದರು ಅಜ್ಜ, ಕಾರಿನ ಕಡೆ ನೋಡುತ್ತ. "ಬೆಳಕು ಹರಿಯೂದರಾಗ ನಾವಿಬ್ರೂ ನೂಕಾವ್ರು. ಹೊಳಿ ಇಳಿಜಾರಿನ್ಯಾಗ. ಒಮ್ಮೆ ಎದ್ದ ಮ್ಯಾಲೆ ಬಾನೆಟ್ಟಿನ ಮ್ಯಾಲೆ ಕೈ ಇಟಗೊಂಡು ನಿಂದರಾವ್ರು. ಬೆಚ್ಚಗ ಇರತಿತ್ತು."

ಡೀಸೆಲ್ ತಿಳಿಯಾಗಿತ್ತು. ಮೇಲೆ ಹೊನ್ನಿನ ಬಣ್ಣ, ತಳದಲ್ಲಿ ಎರಡು ಬೆರಳು ಕೆಸರು.

ಅಜ್ಜ ಡಬ್ಬಿಯನ್ನು ಕುಲುಕದೆ ಓರೆ ಮಾಡಿ, ಮೇಲಿನ ತಿಳಿಯನ್ನಷ್ಟೇ ಒಣಗಿದ ಡಬ್ಬಿಗೆ ಬಗ್ಗಿಸಿದರು. ಕೆಸರು ಕದಡುವ ಮೊದಲೇ ನಿಲ್ಲಿಸಿದರು.

ನಳಿಗೆಯ ಒಂದು ತುದಿ ಡಬ್ಬಿಗೆ, ಇನ್ನೊಂದು ಪಂಪಿಗೆ. ಫಕೀರಪ್ಪ ಹೆಬ್ಬೆರಳಿನಿಂದ ಕೈಪಂಪು ಒತ್ತತೊಡಗಿದ. ಅಜ್ಜ ಸ್ಕ್ರೂ ಸಡಿಲಿಸಿ ಹಿಡಿದರು. ಸ್ಕ್ರೂ ಬುಡದಲ್ಲಿ ನೊರೆ ಬಂತು. ಗುಳ್ಳೆ ಬಂತು. ಅಜ್ಜ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕಿವಿ ಹತ್ತಿರ ತಂದಿದ್ದರು.

"ಇನ್ನೂ ಗಾಳಿ ಐತಿ. ಒತ್ತು."

ಹೆಬ್ಬೆರಳು ನೋಯತೊಡಗಿತು.

"ನಿಲ್ಲಸಬ್ಯಾಡೋ ರಾಚ್ಯಾ. ಬಂತು, ಬಂತು."

ಫಕೀರಪ್ಪ ತಲೆ ಎತ್ತಲಿಲ್ಲ. ಒತ್ತುತ್ತ ಹೋದ.

ಗುಳ್ಳೆ ನಿಂತು ಡೀಸೆಲ್ ದಾರದಂತೆ ಇಳಿಯಿತು. ಅಜ್ಜ ಸ್ಕ್ರೂ ಬಿಗಿದರು.

ಎಂಜಿನ್ ಎರಡು ಸಲ ಕೆಮ್ಮಿತು. ಮೂರನೆಯದಕ್ಕೆ ಎದ್ದಿತು.

ಬಾನೆಟ್ಟನ್ನು ಅರ್ಧ ಮುಚ್ಚಿ ಹಗ್ಗ ಬಿಗಿದರು. ನಳಿಗೆ ಕಿಟಕಿಯಿಂದ ಒಳಗೆ ಬಂತು. ಡಬ್ಬಿ ಫಕೀರಪ್ಪನ ತೊಡೆಯ ಮೇಲೆ.

"ಕುಲುಕಬ್ಯಾಡ," ಎಂದರು ಅಜ್ಜ.

ಗುಡ್ಡ ಬಂತು. ಏರಿನಲ್ಲಿ ಕಾರು ಒರಲಿತು, ಆದರೆ ನಿಲ್ಲಲಿಲ್ಲ. ಮೇಲೆ ಒಂದು ಕಲ್ಲಿನ ಗುಡಿಸಲು, ಒಂದು ಅತ್ತಿ ಮರ. ಕಾರು ಬಾಗಿಲ ಮುಂದೆ ಹೋಗಿ ನಿಂತಿತು. ಎಂಜಿನ್ ಓಡುತ್ತಲೇ ಇತ್ತು.

ರಾಚಪ್ಪಜ್ಜರಿಗೆ ಅನ್ನ ಬೇಯಿಸಿ ಹಾಕುತ್ತಿದ್ದ ಗಂಗವ್ವ ಹೊರಗೆ ಬಂದಳು. ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು.

"ಜೀವ ಹೋಗಿ ಈಗರ ಅರ್ಧ ತಾಸಾತ್ರಿ ಅಜ್ಜಾರ," ಎಂದಳು.

ಫಕೀರಪ್ಪ ಎಂಜಿನ್ ನಿಲ್ಲಿಸಲು ಕೈ ಚಾಚಿದ. ಅಜ್ಜ ಆ ಕೈಯನ್ನು ಹಿಡಿದರು.

"ಇರಲಿ."

"ಅಜ್ಜಾರ—"

"ಡಬ್ಬಿ ಹಿಡಕೊಂಡು ಕುಂದ್ರು."

ಅಜ್ಜ ಇಳಿದು ಒಳಗೆ ಹೋದರು.

ಬಾಗಿಲು ತೆರೆದೇ ಇತ್ತು. ಫಕೀರಪ್ಪ ಕುಳಿತಲ್ಲಿಂದ ಒಳಗೆ ಕಾಣುತ್ತಿತ್ತು. ರಾಚಪ್ಪಜ್ಜರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ. ಅಜ್ಜ ಅವರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು.

ಎಂಜಿನ್ ಓಡುತ್ತಿತ್ತು. ಅದರ ಸಪ್ಪಳ ಗುಡಿಸಲ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಕಿಟಕಿಗೆ ಕಟ್ಟಿದ್ದ ತಗಡು ಸಣ್ಣಗೆ ನಡುಗುತ್ತಿತ್ತು.

ಡಬ್ಬಿಯಲ್ಲಿ ಮೂರು ಬೆರಳು ಡೀಸೆಲ್ ಉಳಿದಿತ್ತು. ಆಮೇಲೆ ಎರಡು. ಗಂಗವ್ವ ಹೊಸ್ತಿಲ ಮೇಲೆ ಕುಳಿತು ಅತ್ತಳು. ಫಕೀರಪ್ಪ ಡಬ್ಬಿಯನ್ನು ಓರೆ ಮಾಡಿ, ನಳಿಗೆಯ ತುದಿ ಮೂಲೆಗೆ ಸರಿಸಿ ಹಿಡಿದ. ಅವನ ಕಣ್ಣೀರು ಡಬ್ಬಿಯ ಮುಚ್ಚಳದ ಮೇಲೆ ಬಿತ್ತು. ಒಳಗೆ ಬೀಳದಂತೆ ಮುಖ ಆಚೆ ತಿರುಗಿಸಿದ.

ನಳಿಗೆ ಗಾಳಿ ಎಳೆದುಕೊಂಡಿತು. ಎಂಜಿನ್ ಒಮ್ಮೆ ತಡವರಿಸಿತು. ಇನ್ನೊಮ್ಮೆ ತಡವರಿಸಿ ನಿಂತಿತು.

ಗುಡ್ಡದ ಮೇಲೆ ಸದ್ದೇ ಇರಲಿಲ್ಲ.

ಫಕೀರಪ್ಪ ಖಾಲಿ ಡಬ್ಬಿ ಕೆಳಗಿಟ್ಟು ಒಳಗೆ ಹೋದ. ಅಜ್ಜನ ಹಿಂದೆ ನಿಂತ. ಅಜ್ಜ ತಿರುಗಲಿಲ್ಲ.

"ಅಜ್ಜಾರ. ಶಿಕ್ಷಾ ಆಮ್ಯಾಲೆ ಅಂದಿದ್ರಿ."

ಫಕೀರಪ್ಪ ಅಲ್ಲೇ ನೆಲಕ್ಕೆ ಕುಳಿತ.

"ನಾ ಆ ಬಟ್ಟಿ ಹಿಡೀದಿದ್ರ ಜೀವ ಇದ್ದಾಗ ಮುಟ್ಟತಿದ್ವಿ. ಒಂದು ತಾಸು ನೀವು ಇವರ ಜೋಡಿ ಕೂಡತಿದ್ರಿ. ಆ ತಾಸು ಈಗ ನಾ ಎಲ್ಲಿಂದ ತಂದು ಕೊಡ್ಲಿ?"

ಅಜ್ಜ ಡೀಸೆಲ್ ಮೆತ್ತಿದ ಕೈಯನ್ನು ರಾಚಪ್ಪಜ್ಜರ ಕೈ ಮೇಲಿಟ್ಟರು.

"ಆ ತಾಸು ಹಳ್ಳದ ದಂಡಿಗೆ ನಾ ಯಾರ ಜೋಡಿ ಕುಂತಿದ್ದೆ ಅಂತ ತಿಳದಿದ್ದೀ?"